ಅಡಿಗಲ್ಲು ಗುಜರಿಗೆ ಹೋಗದಿರಲಿ

ಊರಿನ ಕುಲುಮೆ ಮುಚ್ಚಿದರೆ ಆಚಾರ್ರ ಅಡಿಗಲ್ಲು ಗುಜರಿಗೆ ಹೋಗ್ತದೆ. ಭಾರದ ವಸ್ತು, ಕಿಲೋ ಲೆಕ್ಕದಲ್ಲಿ ನಾಲ್ಕು ಕಾಸು ಸಿಗ್ತದೆ. ಆದರೆ ಅದರ ಬೆಲೆ ಇರುವುದು ತೂಕದಲ್ಲಲ್ಲ, ಮೇಲ್ಮೈಯ ಹದದಲ್ಲಿ. ಮೊಂಡಾದ ಕತ್ತಿ, ಹಾರೆ ಬಡಿಸಲು ಪೇಟೆಗೆ ಅಲೆಯುವ ನಾವು ನಾಲ್ಕೈದು ಮನೆಯವರು ಸೇರಿಯಾದರೂ ಅದನ್ನು ಉಳಿಸಿಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ಕೊಳ್ಳುವ ಮೊದಲು ಪರೀಕ್ಷೆ ಮಾಡಿ. ಬೇರಿಂಗಿನ ಉಕ್ಕಿನ ಗುಂಡೊಂದನ್ನು 10 ಇಂಚು ಮೇಲಿನಿಂದ ಬಿಡಿ. 7-8 ಇಂಚು ಪುಟಿದರೆ ಒಳ್ಳೆಯದು. ಅರ್ಧಕ್ಕೂ ಏಳದಿದ್ದರೆ ಬರೀ ಬೀಡು, ಇಲ್ಲವೇ ಬೆಂಕಿಗೆ ಸಿಕ್ಕಿ ಹದ ಕಳಕೊಂಡದ್ದು. ಠಣ್ ಸದ್ದೊಂದನ್ನೇ ನಂಬಬೇಡಿ. ಬೀಡಿನ ಮೈಗೆ ಉಕ್ಕಿನ ಮುಖ ಬೆಸೆದ ಒಳ್ಳೆ ಅಡಿಗಲ್ಲೂ ಹೆಚ್ಚು ಸದ್ದು ಮಾಡೋದಿಲ್ಲ. ರೈಲು ಹಳಿಯ ತುಂಡೂ ಸಣ್ಣ ಕೆಲಸಕ್ಕೆ ಆದೀತು; ರಸೀದಿ ಇಲ್ಲದೆ ಮಾತ್ರ ಕೊಳ್ಳಬೇಡಿ. ರೈಲ್ವೆ ಸೊತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯಿದೆಯಂತೆ ಅಪರಾಧ.

ಚಂದ ಕಾಣಲಿ ಅಂತ ಮುಖ ಉಜ್ಜಿಸಬೇಡಿ. ಗಟ್ಟಿ ಪದರ ತೆಳ್ಳಗಿರ್ತದೆ, ಉಜ್ಜಿದಷ್ಟೂ ಆಯುಷ್ಯ ಕಮ್ಮಿ. ಅಂಚು ಸ್ವಲ್ಪ ಮುಕ್ಕಾಗಿದ್ದರೆ ಕೆಲಸ ನಿಲ್ಲೋದಿಲ್ಲ. ಗಟ್ಟಿ ಮರದ ಕೊರಡಿನ ಮೇಲೆ ಅಲುಗದಂತೆ ಕೂರಿಸಿ. ಬರಿ ಮುಖಕ್ಕೆ ಸುತ್ತಿಗೆ ಬಡಿಯಬೇಡಿ. ಚೂರು ಸಿಡಿದರೆ ಕಣ್ಣಿಗೆ ಅಪಾಯ. ಮಳೆಗಾಲದಲ್ಲಿ ಎಣ್ಣೆ ಒರೆಸಿಡಿ.

ಅಡಿಗಲ್ಲು ಉಳಿದರೆ ಸಾಲದು, ಬಡಿಯುವ ಕೈಯೂ ಉಳೀಬೇಕಲ್ಲ? ಪೇಟೆಯಲ್ಲಿ ಕೇಳಿದಷ್ಟು ಕೊಡುವ ನಾವು ಊರಿನ ಆಚಾರ್ರ ಹತ್ತಿರ ಮಾತ್ರ ಚೌಕಾಶಿ ಮಾಡೋದು ನ್ಯಾಯವಲ್ಲ.