ಟ್ರ್ಯಾಕ್ ಹೆಚ್ಚಿದ್ದರೆ ಹಾಡು ಚೆನ್ನಾಗಿ ಬರುತ್ತದೆಯೇ? ಮನೆಯಲ್ಲಿ ರೆಕಾರ್ಡಿಂಗ್ ಮಾಡುವ ಮುನ್ನ ಇದನ್ನು ಓದಿ

"ಕನಿಷ್ಠ 24 ಟ್ರ್ಯಾಕ್ ಇರುವ ಮೆಷಿನ್ ತಗೊಳ್ಳಿ." "192 ಕಿಲೋಹರ್ಟ್ಸ್ ಇಲ್ಲದಿದ್ದರೆ ದನಿಯಲ್ಲಿ ಜೀವ ಇರಲ್ಲ." "ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸಾಕು, ಮನೆಯೇ ಸ್ಟುಡಿಯೋ." ಮನೆಯಲ್ಲಿ ಹಾಡು ರೆಕಾರ್ಡ್ ಮಾಡಬೇಕು ಎಂದು ನಾಲ್ಕು ಜನರ ಮುಂದೆ ಹೇಳಿ ನೋಡಿ, ಇಂಥ ಸಲಹೆಗಳು ಸಾಲುಗಟ್ಟಿ ಬರುತ್ತವೆ. ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಹಣ ಪೋಲು ಮಾಡಿಸುವಂಥದ್ದು ಎಂಬುದನ್ನು ಒಂದೊಂದಾಗಿ ನೋಡೋಣ.

ಇದು ಬರೀ ಹಣದ ಪ್ರಶ್ನೆಯಲ್ಲ. ಮನೆಯಲ್ಲಿ ರೆಕಾರ್ಡ್ ಮಾಡುವ ಎಷ್ಟೋ ಜನರ ಉದ್ದೇಶ ಅಜ್ಜಿಯ ಸೋಬಾನೆ ಪದವನ್ನೋ, ತಂದೆ ಹಾಡುವ ತತ್ವಪದವನ್ನೋ ಉಳಿಸಿಕೊಳ್ಳುವುದು. ತಪ್ಪು ಯಂತ್ರ ಕೊಂಡರೆ ಅದನ್ನು ಮಾರಬಹುದು. ಕೆಟ್ಟುಹೋದ ರೆಕಾರ್ಡಿಂಗನ್ನು ಮತ್ತೆ ಮಾಡಲು ಹಾಡುವವರು ಇರಬೇಕಲ್ಲ!

ಮಲ್ಟಿಟ್ರ್ಯಾಕ್ ಎಂದರೆ ಏನು?

ಫೋನಿನಲ್ಲಿ ಸಾಮಾನ್ಯವಾಗಿ ರೆಕಾರ್ಡ್ ಮಾಡಿದಾಗ ದನಿ, ಹಾರ್ಮೋನಿಯಂ, ತಬಲಾ ಎಲ್ಲವೂ ಒಂದೇ ಫೈಲಿನಲ್ಲಿ ಬೆರೆತುಹೋಗುತ್ತವೆ. ಆಮೇಲೆ ತಬಲಾ ಜೋರಾಯಿತು ಅನ್ನಿಸಿದರೆ ಅದೊಂದನ್ನೇ ತಗ್ಗಿಸುವುದು ಕಷ್ಟ. ಮಲ್ಟಿಟ್ರ್ಯಾಕ್ ರೆಕಾರ್ಡರ್‌ನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಸಾಲು. ಆ ಸಾಲೇ ಟ್ರ್ಯಾಕ್. ಇದರಿಂದ ಎರಡು ಅನುಕೂಲ. ಒಂದು, ಪ್ರತಿ ವಾದ್ಯದ ಮಟ್ಟವನ್ನು ಆಮೇಲೆ ಪ್ರತ್ಯೇಕವಾಗಿ ಸರಿಪಡಿಸಬಹುದು. ಎರಡು, ಇಂದು ಹಾರ್ಮೋನಿಯಂ ನುಡಿಸಿಟ್ಟು, ನಾಳೆ ಅದನ್ನು ಕೇಳುತ್ತಾ ಹಾಡಬಹುದು.

ಈ ಎರಡನೆಯದು ಟೇಪಿನ ಕಾಲದಲ್ಲಿ ಸುಲಭವಾಗಿರಲಿಲ್ಲ. ರೆಕಾರ್ಡ್ ಮಾಡುವ ಹೆಡ್ ಒಂದು ಕಡೆ, ಕೇಳಿಸುವ ಹೆಡ್ ಇನ್ನೊಂದು ಕಡೆ ಇರುತ್ತಿದ್ದರಿಂದ ಹಳೆಯ ಟ್ರ್ಯಾಕ್ ಕೇಳುತ್ತಾ ಹೊಸದನ್ನು ಹಾಡಿದರೆ ಎರಡರ ಕಾಲ ಹೊಂದುತ್ತಿರಲಿಲ್ಲ. ರೆಕಾರ್ಡ್ ಹೆಡ್‌ನಿಂದಲೇ ಹಳೆಯ ಟ್ರ್ಯಾಕನ್ನೂ ಕೇಳಿಸುವ ಉಪಾಯದಿಂದ ಇದು ಬಗೆಹರಿಯಿತು. ಆ ಉಪಾಯವಿದ್ದ ಎಂಟು ಟ್ರ್ಯಾಕಿನ ಟೇಪ್ ಯಂತ್ರವನ್ನು ಅಮೆರಿಕದ ಆಂಪೆಕ್ಸ್ ಕಂಪನಿ 1957ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಅವರಿಗೆ ಮಾಡಿಕೊಟ್ಟಿತು. 1979ರಲ್ಲಿ ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ 144 ಬಂದಾಗ ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ರೆಕಾರ್ಡಿಂಗ್ ಮನೆಯೊಳಗೆ ಬಂತು.

ನಂಬಿಕೆ 1: ಟ್ರ್ಯಾಕ್ ಹೆಚ್ಚಿದ್ದಷ್ಟೂ ಗುಣಮಟ್ಟ ಹೆಚ್ಚು

ಇದು ತಪ್ಪು. ಟ್ರ್ಯಾಕ್ ಸಂಖ್ಯೆಗೂ ದನಿಯ ಗುಣಮಟ್ಟಕ್ಕೂ ನೇರ ಸಂಬಂಧವಿಲ್ಲ. ಬೀಟಲ್ಸ್ ತಂಡದ 1967ರ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಂ ಬಹುಪಾಲು ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲಿ ತಯಾರಾಯಿತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ತಮ್ಮ ಮನೆಯಲ್ಲಿ ಅದೇ ಪೋರ್ಟಾಸ್ಟುಡಿಯೋದಲ್ಲಿ ಮಾದರಿಗೆಂದು ಹಾಡಿಟ್ಟ ಹಾಡುಗಳು ಕೊನೆಗೆ 'ನೆಬ್ರಾಸ್ಕ' ಎಂಬ ಆಲ್ಬಂ ಆಗಿ ಹೊರಬಂದವು.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆಯ ಕೆಳಗೆ ಇನ್ನೊಂದು ಸಣ್ಣ ಸಂಖ್ಯೆ ಇರುತ್ತದೆ: ಏಕಕಾಲಕ್ಕೆ ಎಷ್ಟು ಟ್ರ್ಯಾಕ್ ರೆಕಾರ್ಡ್ ಮಾಡಬಹುದು ಎಂಬುದು. ಉದಾಹರಣೆಗೆ, ಟಾಸ್ಕಾಮ್ ಡಿಪಿ-008ಇಎಕ್ಸ್ ಎಂಟು ಟ್ರ್ಯಾಕಿನ ಯಂತ್ರ, ಆದರೆ ಒಂದು ಸಲಕ್ಕೆ ಎರಡು ಟ್ರ್ಯಾಕ್ ಮಾತ್ರ ತುಂಬಿಸಬಹುದು. ಝೂಮ್ ಆರ್24ರಲ್ಲಿ 24 ಟ್ರ್ಯಾಕ್ ಇದ್ದರೂ ಏಕಕಾಲಕ್ಕೆ ಎಂಟು. ಹೆಚ್ಚಿನವರು ಎಡವುವುದು ಇಲ್ಲಿಯೇ.

ನೀವೊಬ್ಬರೇ ಒಂದೊಂದಾಗಿ ನುಡಿಸಿ, ಹಾಡಿ ಸೇರಿಸುವವರಾದರೆ ಎರಡು ಇನ್‌ಪುಟ್ ಧಾರಾಳ ಸಾಕು. ಭಜನಾ ತಂಡ ಒಟ್ಟಿಗೆ ಕುಳಿತು ಹಾಡುವುದಾದರೆ ಲೆಕ್ಕ ಬೇರೆ. ಗಾಯಕರಿಗೆ ಒಂದು ಮೈಕ್, ಹಾರ್ಮೋನಿಯಂಗೆ ಒಂದು, ತಬಲಾದ ಬಲ ಎಡಕ್ಕೆ ಎರಡು ಎಂದರೂ ನಾಲ್ಕಾಯಿತು. ಆಗ 24 ಟ್ರ್ಯಾಕ್ ಇದ್ದು ಎರಡೇ ಇನ್‌ಪುಟ್ ಇರುವ ಯಂತ್ರ ತಂದರೆ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತರೆ ತಬಲಾದ ಸದ್ದು ಗಾಯಕರ ಮೈಕಿಗೂ ಬೀಳುತ್ತದೆ. ಗಾಯಕರ ಟ್ರ್ಯಾಕನ್ನು ಏರಿಸಿದರೆ ತಬಲಾವೂ ಏರುತ್ತದೆ. ಟ್ರ್ಯಾಕ್ ಬೇರೆಯಾದ ಮಾತ್ರಕ್ಕೆ ಸದ್ದು ಪೂರ್ತಿ ಬೇರೆಯಾಗುವುದಿಲ್ಲ. ಪ್ರತಿ ಮೈಕನ್ನೂ ಅದರದರ ವಾದ್ಯಕ್ಕೆ ಹತ್ತಿರ ಇಡುವುದೇ ಇದಕ್ಕೆ ಮುಖ್ಯ ಪರಿಹಾರ.

ನಂಬಿಕೆ 2: 192 ಕಿಲೋಹರ್ಟ್ಸ್ ಬೇಕೇ ಬೇಕು

ಮನುಷ್ಯರ ಕಿವಿಗೆ ಕೇಳಿಸುವ ವ್ಯಾಪ್ತಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್. ವಯಸ್ಸಾದಂತೆ ಮೇಲಿನ ಮಿತಿ ಇನ್ನೂ ಕೆಳಗಿಳಿಯುತ್ತದೆ. ಸ್ಯಾಂಪಲ್ ರೇಟ್ ಎಂದರೆ ಯಂತ್ರ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಎಂಬ ಲೆಕ್ಕ. ಗಣಿತದ ನಿಯಮದ ಪ್ರಕಾರ, ಹಿಡಿಯಬೇಕಾದ ಅತಿ ಹೆಚ್ಚಿನ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಆ ಕಂಪನವನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ 44,100 ಸಲ ಅಳೆಯುವ ಪದ್ಧತಿಯದ್ದು. ಅಂದರೆ 22,050 ಹರ್ಟ್ಸ್‌ವರೆಗೆ ಅದು ಹಿಡಿಯಬಲ್ಲದು. ನಮ್ಮ ಕಿವಿಗಿಂತ ಸ್ವಲ್ಪ ಹೆಚ್ಚೇ ಆಯಿತು.

"ಡಿಜಿಟಲ್ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ದನಿ, ಹೆಚ್ಚು ಅಳೆದರೆ ನಯವಾಗುತ್ತದೆ" ಎಂದು ಚಿತ್ರ ಬರೆದು ತೋರಿಸುವವರೂ ಇದ್ದಾರೆ. ಸ್ಪೀಕರಿಗೆ ಹೋಗುವ ಮುನ್ನ ಆ ಬಿಂದುಗಳಿಂದ ನಯವಾದ ಅಲೆಯೇ ಮರಳಿ ಸಿದ್ಧವಾಗುತ್ತದೆ. ಮೆಟ್ಟಿಲು ಕಾಗದದ ಮೇಲಿನ ಚಿತ್ರದಲ್ಲಷ್ಟೇ. 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಮೇಯರ್ ಮತ್ತು ಮೊರಾನ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಹೈ ರೆಸಲ್ಯೂಷನ್ ಡಿಸ್ಕಿನ ದನಿಯನ್ನೂ ಅದನ್ನೇ ಸಿಡಿ ಗುಣಮಟ್ಟಕ್ಕೆ ಇಳಿಸಿದ ದನಿಯನ್ನೂ ಕೇಳುಗರು ಗುರುತಿಸಲು ಪ್ರಯತ್ನಿಸಿದರು. 554 ಪ್ರಯತ್ನಗಳಲ್ಲಿ ಸರಿಯಾದದ್ದು 276. ನಾಣ್ಯ ಚಿಮ್ಮಿ ಹೇಳಿದ್ದರೂ ಇಷ್ಟೇ ಬರುತ್ತಿತ್ತು.

192ರ ಖಚಿತ ಪರಿಣಾಮ ಒಂದಿದೆ: 48 ಕಿಲೋಹರ್ಟ್ಸ್‌ಗೆ ಹೋಲಿಸಿದರೆ ಫೈಲ್ ನಾಲ್ಕು ಪಟ್ಟು ದೊಡ್ಡದಾಗುತ್ತದೆ. ಮನೆಯ ರೆಕಾರ್ಡಿಂಗಿಗೆ 44.1 ಅಥವಾ 48 ಸಾಕು.

ನಂಬಿಕೆ 3: 24 ಬಿಟ್, 32 ಬಿಟ್ ಎಲ್ಲ ಬರೀ ಮಾರಾಟದ ತಂತ್ರ

ಇಲ್ಲಿ ವಿಷಯ ಸ್ವಲ್ಪ ಬೇರೆ. ಅತಿ ಮೆಲ್ಲಗಿನ ಸದ್ದಿನಿಂದ ಅತಿ ಜೋರಿನ ಸದ್ದಿನವರೆಗೆ ಎಷ್ಟು ಅಂತರವನ್ನು ಹಿಡಿಯಬಹುದು ಎಂಬುದನ್ನು ಬಿಟ್ ಹೇಳುತ್ತದೆ. ಒಂದೊಂದು ಬಿಟ್‌ಗೆ ಸುಮಾರು 6 ಡೆಸಿಬಲ್. 16 ಬಿಟ್ ಎಂದರೆ 96, 24 ಬಿಟ್ ಎಂದರೆ ಲೆಕ್ಕದಲ್ಲಿ 144 ಡೆಸಿಬಲ್. ಕೇಳಲು 16 ಬಿಟ್ ಸಾಕು. ರೆಕಾರ್ಡ್ ಮಾಡಲು 24 ಬಿಟ್ ನಿಜವಾಗಿಯೂ ಉಪಯುಕ್ತ.

ಕಾರಣ ಸರಳ. ಮೆಲ್ಲಗೆ ಆಲಾಪ ಮಾಡುತ್ತಿದ್ದವರು ತಾರ ಸ್ಥಾಯಿಗೆ ಹೋದಾಗ ದನಿ ಒಮ್ಮೆಲೇ ಏರುತ್ತದೆ. ಮಟ್ಟವನ್ನು ಮೊದಲೇ ಜೋರಾಗಿ ಇಟ್ಟಿದ್ದರೆ ಅಲೆಯ ತುದಿ ಕತ್ತರಿಸಿಹೋಗಿ ದನಿ ಒಡೆಯುತ್ತದೆ. ಹೀಗೆ ಒಡೆದದ್ದನ್ನು ಆಮೇಲೆ ಪೂರ್ತಿ ಸರಿಪಡಿಸಲಾಗದು. 24 ಬಿಟ್ ಇದ್ದರೆ ಮಟ್ಟವನ್ನು ತಗ್ಗಿಸಿಟ್ಟು, ಅತಿ ಜೋರಿನ ಜಾಗದಲ್ಲೂ ಮೀಟರಿನ ಮೇಲೆ 10–12 ಡೆಸಿಬಲ್ ಖಾಲಿ ಬಿಡಬಹುದು. ಆಮೇಲೆ ಏರಿಸಿಕೊಂಡರೂ ಸೊಂಯ್ ಎಂಬ ಸದ್ದು ಅಷ್ಟಾಗಿ ಕಾಡುವುದಿಲ್ಲ.

ಈಚಿನ ಕೆಲವು ಯಂತ್ರಗಳಲ್ಲಿರುವ 32 ಬಿಟ್ ಫ್ಲೋಟ್ ಇದನ್ನು ಇನ್ನೂ ಸುಲಭ ಮಾಡುತ್ತದೆ. ಮಟ್ಟ ಹೊಂದಿಸಲು ಬಾರದವರಿಗೆ, ಒಂದೇ ಸಲ ಸಿಗುವ ಹಾಡಿಗೆ ಅದು ಒಳ್ಳೆಯ ರಕ್ಷಣೆ. ಆದರೆ ಮೈಕೇ ತಡೆಯಲಾರದಷ್ಟು ಜೋರಾದ ಸದ್ದು ಬಂದರೆ ಅದೂ ಉಳಿಸದು.

ನಂಬಿಕೆ 4: ಮೊಟ್ಟೆ ಟ್ರೇ ಅಂಟಿಸಿದರೆ ಹೊರಗಿನ ಸದ್ದು ಬರುವುದಿಲ್ಲ

ತಪ್ಪು. ಸದ್ದನ್ನು ತಡೆಯಲು ತೂಕ ಬೇಕು: ದಪ್ಪ ಗೋಡೆ, ಸಂದಿಯಿಲ್ಲದ ಬಾಗಿಲು. ಮೊಟ್ಟೆ ಟ್ರೇ ಹಗುರವಾದ ಕಾಗದ. ರಸ್ತೆಯ ಹಾರ್ನ್ ಅದರೊಳಗಿಂದ ಹಾಗೇ ಹಾದುಬರುತ್ತದೆ. ಕೋಣೆಯೊಳಗಿನ ಪ್ರತಿಧ್ವನಿಯಲ್ಲಿ ತೀಕ್ಷ್ಣ ಸ್ವರಗಳನ್ನು ಅದು ಸ್ವಲ್ಪ ತಗ್ಗಿಸಬಹುದು ಅಷ್ಟೇ. ಜೊತೆಗೆ ಗೋಡೆ ತುಂಬ ಒಣ ಕಾಗದ ಅಂಟಿಸಿದರೆ ಬೆಂಕಿಯ ಅಪಾಯ ಬೇರೆ.

ಪ್ರತಿಧ್ವನಿ ಕಡಿಮೆ ಮಾಡಲು ಮನೆಯಲ್ಲಿರುವುದೇ ಸಾಕು. ಹಾಡುವವರ ಹಿಂದೆ ದಪ್ಪ ರಜಾಯಿ ಅಥವಾ ಕಂಬಳಿ ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿ. ಹಾಸಿಗೆ, ಬಟ್ಟೆ ತುಂಬಿದ ಬೀರು ಇರುವ ಮಲಗುವ ಕೋಣೆ ಖಾಲಿ ಹಾಲ್‌ಗಿಂತ ಎಷ್ಟೋ ಮೇಲು. ಹೊರಗಿನ ಸದ್ದಿಗೆ ಸುಲಭದ ಮದ್ದು ಸಮಯ. ರಾತ್ರಿ ಹತ್ತರ ನಂತರವೋ, ನಸುಕಿನಲ್ಲೋ ಕುಳಿತು, ಫ್ಯಾನ್ ಆರಿಸಿ, ಮೈಕ್ ಹತ್ತಿರ ತನ್ನಿ. ದೂರ ಅರ್ಧವಾದರೆ ನೇರ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಕೋಣೆಯ ಗದ್ದಲ ಇದ್ದಷ್ಟೇ ಇರುತ್ತದೆ.

ಹಾಗಾದರೆ ಫೋನ್ ಸಾಕಾಗುವುದಿಲ್ಲವೇ?

ಹಲವರಿಗೆ ಸಾಕು. ಐಫೋನಿನ ಗ್ಯಾರೇಜ್‌ಬ್ಯಾಂಡ್ ಆ್ಯಪ್ ಉಚಿತ, ಅದರಲ್ಲೇ ಹಲವು ಟ್ರ್ಯಾಕ್ ಮಾಡಬಹುದು. ಆಂಡ್ರಾಯ್ಡ್‌ನಲ್ಲೂ ಇಂಥ ಆ್ಯಪ್‌ಗಳಿವೆ. ಕಂಪ್ಯೂಟರ್ ಇದ್ದರೆ ಆಡಾಸಿಟಿ ಉಚಿತ. ತೊಂದರೆ ಇರುವುದು ಫೋನಿನ ಒಳಮೈಕಿನಲ್ಲಿ. ಹಲವು ಫೋನ್‌ಗಳು ಮಾತನಾಡುವುದಕ್ಕೆಂದು ಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ, ಹಿನ್ನೆಲೆಯ ಸದ್ದನ್ನು ಅಳಿಸಲು ನೋಡುತ್ತವೆ. ತಂಬೂರಿಯ ಶ್ರುತಿಯನ್ನೂ ಗದ್ದಲವೆಂದೇ ತಿಳಿದು ಅಳಿಸಿಬಿಡಬಹುದು.

ಕಂಪ್ಯೂಟರ್ ಬಳಸಿ ಅಭ್ಯಾಸವಿದ್ದವರಿಗೆ ಎರಡು ಇನ್‌ಪುಟ್ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಮತ್ತು ಒಂದು ಮೈಕ್ ಒಳ್ಳೆಯ ದಾರಿ. ದೊಡ್ಡ ಪರದೆಯಲ್ಲಿ ಕತ್ತರಿಸಿ ಜೋಡಿಸುವುದು ಸುಲಭ. ಕಂಪ್ಯೂಟರಿನ ತಂಟೆಯೇ ಬೇಡ ಎನ್ನುವವರಿಗೆ, ಊರಿಗೆ ಹೋಗಿ ಜಗಲಿಯಲ್ಲಿ ಕುಳಿತು ಹಾಡಿಸುವವರಿಗೆ ಪ್ರತ್ಯೇಕ ರೆಕಾರ್ಡರ್ ಅನುಕೂಲ. ಬಟನ್ ಒತ್ತಿದರೆ ಕೆಲಸ ಶುರು, ನಡುವೆ ಕರೆ ಬರುವುದಿಲ್ಲ, ಅಪ್‌ಡೇಟ್ ಕೇಳುವುದಿಲ್ಲ.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

• ಏಕಕಾಲಕ್ಕೆ ಎಷ್ಟು ಮೈಕ್? ಒಟ್ಟು ಟ್ರ್ಯಾಕ್ ಎಷ್ಟೆಂದು ಕೇಳುವ ಮೊದಲು ಇದನ್ನು ಕೇಳಿ.

• 48 ವೋಲ್ಟ್ ಫ್ಯಾಂಟಮ್ ಪವರ್ ಇದೆಯೇ? ಸ್ಟುಡಿಯೋದಲ್ಲಿ ಬಳಸುವ ಕಂಡೆನ್ಸರ್ ಮೈಕ್‌ಗಳಲ್ಲಿ ಹೆಚ್ಚಿನವು ಇದಿಲ್ಲದೆ ಕೆಲಸ ಮಾಡುವುದಿಲ್ಲ. ವೇದಿಕೆಯಲ್ಲಿ ಕೈಯಲ್ಲಿ ಹಿಡಿಯುವ ಡೈನಮಿಕ್ ಮೈಕಿಗೆ ಇದು ಬೇಡ.

• ಪ್ರತಿ ಟ್ರ್ಯಾಕನ್ನೂ ವೇವ್ ಫೈಲ್ ಆಗಿ ಹೊರತೆಗೆಯಬಹುದೇ? ಯಂತ್ರ ಕೆಟ್ಟರೂ ಹಾಡು ಉಳಿಯಬೇಕು. ಹಳೆಯ ಯಂತ್ರವನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇದನ್ನು ಮುಂದೆ ನಿಂತು ಮಾಡಿಸಿ ನೋಡಬೇಕು.

• ಯಾವ ಕಾರ್ಡ್ ಹಿಡಿಸುತ್ತದೆ? ಕೆಲವು ಯಂತ್ರಗಳು 32 ಜಿಬಿಗಿಂತ ದೊಡ್ಡ ಕಾರ್ಡನ್ನು ಓದುವುದಿಲ್ಲ. ಗಾಬರಿ ಬೇಡ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ. ಎಂಟು ಟ್ರ್ಯಾಕ್ ಒಟ್ಟಿಗೆ ತುಂಬಿಸಿದರೂ 32 ಜಿಬಿಯಲ್ಲಿ ಏಳು ಗಂಟೆಗೂ ಹೆಚ್ಚು ಹಿಡಿಯುತ್ತದೆ.

• ಹೆಡ್‌ಫೋನ್ ವೈರಿನದ್ದೇ? ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ತಲುಪುತ್ತದೆ, ಕೆಲವೊಮ್ಮೆ ಸೆಕೆಂಡಿನ ಹತ್ತನೇ ಎರಡು ಭಾಗದಷ್ಟು. ಅದನ್ನು ಕೇಳುತ್ತಾ ಹಾಡಿದರೆ ತಾಳ ತಪ್ಪುತ್ತದೆ. ಅಂದು ಟೇಪಿನಲ್ಲಿದ್ದ ತೊಂದರೆಯೇ ಇಂದು ಬೇರೆ ವೇಷದಲ್ಲಿ ಬಂದಿದೆ ಎನ್ನಬಹುದು. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಆದರೆ ಅದರ ಸದ್ದು ಸೋರಿ ಮೈಕಿಗೆ ಬೀಳುವುದು ಕಡಿಮೆ.

ಮನೆಯ ಹಿರಿಯರ ಹಾಡು ರೆಕಾರ್ಡ್ ಮಾಡುವಾಗ

ಇಲ್ಲಿ ಹಲವು ಟ್ರ್ಯಾಕ್ ಬೇಕಾಗಿಲ್ಲ. ಒಂದು ಒಳ್ಳೆಯ ಮೈಕ್, ಸದ್ದಿಲ್ಲದ ಕೋಣೆ, ತಗ್ಗಿಸಿದ ಮಟ್ಟ ಇಷ್ಟಿದ್ದರೆ ಆಯಿತು. ಹೆಡ್‌ಫೋನ್ ಹಾಕಿಸಿ, ಒಂದೊಂದೇ ಸಾಲು ಹಾಡಿಸಿದರೆ ಅವರಿಗೆ ಹಾಡೇ ಮರೆತುಹೋಗಬಹುದು. ಮೊದಲು ಒಂದು ನಿಮಿಷ ಹಾಡಿಸಿ, ಅದನ್ನು ಕೇಳಿ ಪರೀಕ್ಷಿಸಿ, ಆಮೇಲೆ ಅವರ ಪಾಡಿಗೆ ಅವರನ್ನು ಹಾಡಲು ಬಿಡಿ. ಹಾಡಿನ ನಡುವೆ ಅವರು ಹೇಳುವ ಮಾತುಗಳನ್ನೂ ಅಳಿಸಬೇಡಿ.

ಮೂಲ ವೇವ್ ಫೈಲನ್ನು ಎರಡು ಕಡೆ ಉಳಿಸಿ. ಎಂಪಿ3 ಮಾಡಿದರೆ ಕಳೆದುಹೋದ ವಿವರ ಮತ್ತೆ ಬರುವುದಿಲ್ಲ. ವಾಟ್ಸಾಪ್‌ನಲ್ಲಿ ಮನೆಯವರಿಗೆ ಕಳಿಸುವಾಗ ವಾಯ್ಸ್ ಮೆಸೇಜ್ ಆಗಿ ಕಳಿಸಬೇಡಿ, ಅದು ದನಿಯನ್ನು ಬಹಳ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ಇದ್ದ ಹಾಗೆಯೇ ತಲುಪುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ನಿಮ್ಮ ಕೆಲಸಕ್ಕೆ ಬೇಕಾದಷ್ಟು ಇನ್‌ಪುಟ್, 24 ಬಿಟ್, 48 ಕಿಲೋಹರ್ಟ್ಸ್, ವೇವ್ ಫೈಲ್ ಹೊರತೆಗೆಯುವ ಸೌಲಭ್ಯ, ಇವಿಷ್ಟಿದ್ದರೆ ಯಂತ್ರದ ಆಯ್ಕೆ ಮುಗಿಯಿತು. ಮಿಕ್ಕ ಹಣವನ್ನು ಮೈಕಿಗೆ ಇಡಿ. ಮೆಷಿನ್ ಕೊಳ್ಳಲು ಇನ್ನೂ ಮೂರು ತಿಂಗಳು ಬೇಕು ಎಂದಾದರೆ ಅಜ್ಜಿಯ ಹಾಡಿಗೆ ಅಲ್ಲಿಯವರೆಗೆ ಕಾಯಬೇಡಿ. ಇಂದೇ ಫ್ಯಾನ್ ಆರಿಸಿ, ಫೋನನ್ನು ಹತ್ತಿರವಿಟ್ಟು ಒಮ್ಮೆ ರೆಕಾರ್ಡ್ ಮಾಡಿಕೊಳ್ಳಿ.