ಪೌರತ್ವಕ್ಕೆ ಅಳತೆಕೋಲು ಒಂದೇ ಇರಲಿ



ದೇಶಕ್ಕೆ ಗಡಿ ಬೇಕು, ಗಡಿಗೆ ಕಾವಲು ಬೇಕು, ಹೊರಗಿನಿಂದ ಬಂದವರ ಲೆಕ್ಕ ಸರ್ಕಾರದ ಬಳಿ ಇರಬೇಕು. ಇದರಲ್ಲಿ ನನ್ನ ತಕರಾರಿಲ್ಲ. ಸರ್ಕಾರಿ ಎಂಜಿನಿಯರಾಗಿ ದುಡಿದು ನಿವೃತ್ತನಾದವನು ನಾನು. ದಾಖಲೆಯಿಲ್ಲದ ಕೆಲಸವನ್ನು ಒಪ್ಪುವವನಲ್ಲ. ನನ್ನ ತಕರಾರು ಅಳತೆಯ ಬಗ್ಗೆ. ಒಂದೇ ಕಾಮಗಾರಿಯನ್ನು ಒಬ್ಬ ಗುತ್ತಿಗೆದಾರನಿಗೆ ಒಂದು ಟೇಪಿನಲ್ಲಿ, ಇನ್ನೊಬ್ಬನಿಗೆ ಬೇರೊಂದು ಟೇಪಿನಲ್ಲಿ ಅಳೆದರೆ ಅದನ್ನು ಅನ್ಯಾಯ ಎನ್ನುತ್ತೇವೆ. ವಲಸಿಗರ ವಿಷಯದಲ್ಲಿ ಕೇಂದ್ರ ಸರ್ಕಾರ ಮಾಡುತ್ತಿರುವುದು ಅದನ್ನೇ.

ಕಾನೂನನ್ನೇ ಓದೋಣ. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂತು. ಅದರ ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದವು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಅದು ಪೌರತ್ವದ ದಾರಿ ತೆರೆಯಿತು. ಬಳಿಕ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಾಯಿತು. ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದವರಿಗೆ ಐದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ಅದರ ಜೊತೆಗೇ ಹೊರಟ ಆದೇಶವೊಂದು, ಆ ಮೂರು ದೇಶಗಳಿಂದ ಕಿರುಕುಳಕ್ಕೆ ಅಂಜಿ 2024ರ ಡಿಸೆಂಬರ್ 31ರೊಳಗೆ ಬಂದ ಇದೇ ಆರು ಮತಗಳವರಿಗೆ ಆ ಶಿಕ್ಷೆಯಿಂದ ವಿನಾಯಿತಿ ಕೊಟ್ಟಿತು. ಒಂದೇ ರಾತ್ರಿ ಒಂದೇ ಬೇಲಿ ದಾಟಿದ ಇಬ್ಬರಲ್ಲಿ ಒಬ್ಬ ನಿರಾಶ್ರಿತ, ಇನ್ನೊಬ್ಬ ನುಸುಳುಕೋರ. ಹಾಗಾದರೆ ಅಪರಾಧ ಯಾವುದು, ಬೇಲಿ ದಾಟಿದ್ದೋ, ಹುಟ್ಟಿದ ಮತವೋ?

ನೊಂದು ಬಂದವರಿಗೆ ಆಸರೆ ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಸಿರುಗುಪ್ಪದಿಂದ ತುಂಗಭದ್ರೆ ದಾಟಿದರೆ ಸಿಂಧನೂರು ತಾಲ್ಲೂಕು. ಅಲ್ಲಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು ಅರ್ಧ ಶತಮಾನದಿಂದ ಇದ್ದಾರೆ. ಅವರಲ್ಲಿ ಬಹಳ ಮಂದಿ ನಾಮಶೂದ್ರರು. ಕಾಲುವೆ ನೀರಿನಲ್ಲಿ ಭತ್ತ ಬೆಳೆದು ಕಾಯಕಜೀವಿಗಳಾಗಿ ಬದುಕಿದ್ದಾರೆ. ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದ್ದಾರೆ. 2024ರಲ್ಲಿ ಹೊಸ ಕಾಯ್ದೆಯಡಿ ಅಲ್ಲಿನ ಕೆಲವರ ಕೈಗೆ ಪೌರತ್ವದ ಪತ್ರ ಬಂತು. ಸಂತೋಷ. ಅದು ಎಂದೋ ಬರಬೇಕಿತ್ತು. ಬೈಲಕುಪ್ಪೆ, ಮುಂಡಗೋಡಗಳಲ್ಲಿ ಟಿಬೆಟಿಯನ್ನರಿಗೆ ಈ ನಾಡು 1960ರ ದಶಕದಲ್ಲೇ ಭೂಮಿ ಕೊಟ್ಟಿತು. ಆಗ ಯಾರೂ ಮತಗಳ ಪಟ್ಟಿ ಮಾಡಲಿಲ್ಲ. ಬಂದವರು ನೊಂದವರೇ ಎಂದಷ್ಟೇ ನೋಡಿದರು.

ಮುಸ್ಲಿಮರಿಗೆ ಬೇರೆ ದೇಶಗಳಿವೆ, ಹಿಂದೂಗಳಿಗೆ ಇರುವುದು ಇದೊಂದೇ ಎಂದು ಕೆಲವರು ವಾದಿಸುತ್ತಾರೆ. ಪಾಕಿಸ್ತಾನ 1974ರಲ್ಲಿ ಸಂವಿಧಾನವನ್ನೇ ತಿದ್ದಿ ಅಹಮದೀಯರನ್ನು ಮುಸ್ಲಿಮರಲ್ಲ ಎಂದಿತು. ಅವರು ಅಲ್ಲಿಯೂ ಮುಸ್ಲಿಮರಲ್ಲ, ಇಲ್ಲಿನ ಪಟ್ಟಿಯಲ್ಲೂ ಇಲ್ಲ. ಇನ್ನು 1983ರ ಗಲಭೆಯ ನಂತರ ಶ್ರೀಲಂಕಾದಿಂದ ತಮಿಳುನಾಡಿಗೆ ಓಡಿಬಂದ ತಮಿಳರಲ್ಲಿ ಹೆಚ್ಚಿನವರು ಹಿಂದೂಗಳೇ. ಇವತ್ತಿಗೂ ಸಾವಿರಾರು ಮಂದಿ ಶಿಬಿರಗಳಲ್ಲಿದ್ದಾರೆ. ಈ ಪೌರತ್ವ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ. ಕಳಕಳಿ ಹಿಂದೂಗಳ ಮೇಲಿನದೇ ಆಗಿದ್ದರೆ ಅವರನ್ನೇಕೆ ಬಿಟ್ಟರು?

ಇದು ದೂರದವರ ಸಂಗತಿ, ನಮಗೇಕೆ ಎನ್ನಬೇಡಿ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಬಳಿ ಬಾಂಗ್ಲಾದೇಶಿಗಳ ಗುಡಿಸಲೆಂದು ಹೇಳಿ ಜೆಸಿಬಿ ಹರಿಸಿದರು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ಬಂಗಾಳದವರಷ್ಟೇ ಅಲ್ಲ, ನಮ್ಮ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಆ ತೆರವು ಕಾನೂನುಬಾಹಿರ ಎಂದು ಹೈಕೋರ್ಟ್ ಹೇಳುವಷ್ಟರಲ್ಲಿ ಗುಡಿಸಲು ಉಳಿದಿರಲಿಲ್ಲ. ಬಡವನ ಮೈಬಣ್ಣ, ಮಾತು ನೋಡಿ ದೇಶ ನಿರ್ಧರಿಸಲು ಹೊರಟರೆ ದುಡಿಯಲು ಹೋದ ನಮ್ಮ ಕುರುಗೋಡಿನವನೂ ಪರದೇಶಿಯಾಗುತ್ತಾನೆ.

ಹೊಸ ಕಾಯ್ದೆಯಲ್ಲೂ ತಾನು ವಿದೇಶಿಯಲ್ಲವೆಂದು ಸಾಬೀತು ಮಾಡುವ ಹೊಣೆ ಆರೋಪ ಹೊತ್ತವನದೇ. ನಮ್ಮ ಹಲಕುಂದಿಯ ಓಣಿಗಳಲ್ಲಿ ಎಷ್ಟು ಮಂದಿ ಹಿರಿಯರ ಬಳಿ ಜನನ ಪತ್ರವಿದೆ? ಮದುವೆಯಾಗಿ ಬಂದ ಎಷ್ಟು ತಾಯಂದಿರ ಹೆಸರು ಎಲ್ಲ ಕಾಗದದಲ್ಲೂ ಒಂದೇ ಆಗಿದೆ? ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರ ಪೌರತ್ವ ನೋಂದಣಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. 2025ರಲ್ಲಿ ಬಂಗಾಳಿ ಮಾತಾಡುವ ಕೂಲಿಕಾರರನ್ನು ಹಿಡಿದು ಗಡಿಯಾಚೆ ದಬ್ಬಿದ ಪ್ರಕರಣಗಳು ನಡೆದವು. ಹಾಗೆ ಕಳಿಸಿದವರನ್ನು ವಾಪಸು ಕರೆತನ್ನಿ ಎಂದು ಕಲ್ಕತ್ತಾ ಹೈಕೋರ್ಟ್ ಆದೇಶಿಸಬೇಕಾಯಿತು. ಅದೇ ವರ್ಷದ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಕೈಗೆ ಕೋಳ ತೊಡಿಸಿ ಅಮೃತಸರದಲ್ಲಿ ಇಳಿಸಿದಾಗ ನಮಗೆಲ್ಲ ಅವಮಾನವಾಯಿತು. ಅವರೂ ಅಕ್ರಮವಾಗಿ ಹೋದವರೇ. ಆದರೂ ಮನುಷ್ಯರಂತೆ ನಡೆಸಿಕೊಳ್ಳಬೇಕಿತ್ತು ಎಂದೆವು. ಆ ಮಾತು ನಮ್ಮ ಗಡಿಗೆ ಅನ್ವಯಿಸುವುದಿಲ್ಲವೇ?

ಲಿಂಗಾಯತರಾದ ನಾವು ಇದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. 2018ರ ಮಾರ್ಚಿನಲ್ಲಿ ನಾಗಮೋಹನ್ ದಾಸ್ ಸಮಿತಿಯ ವರದಿಯ ಮೇಲೆ ರಾಜ್ಯ ಸರ್ಕಾರ ನಮ್ಮ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. ಧರ್ಮದ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ದಿಲ್ಲಿ ತೀರ್ಮಾನಿಸುವುದು ಎಂಥ ನೋವೆಂದು ನಮಗೆ ಗೊತ್ತು. ಅದೇ ಕಾಲಮ್ಮು ನೋಡಿ ಒಬ್ಬನಿಗೆ ಮನೆ, ಇನ್ನೊಬ್ಬನಿಗೆ ಜೈಲು ಎನ್ನುವ ಕಾನೂನಿಗೆ ನಾವು ಚಪ್ಪಾಳೆ ತಟ್ಟುವುದು ಹೇಗೆ?

ಅನುಭವ ಮಂಟಪಕ್ಕೆ ಮರುಳಶಂಕರದೇವರು ಅಫ್ಘಾನಿಸ್ತಾನದ ಕಡೆಯಿಂದ ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಕಾಶ್ಮೀರ ಬಿಟ್ಟು ಬಂದ ಮೋಳಿಗೆ ಮಾರಯ್ಯನವರು ಕಲ್ಯಾಣದಲ್ಲಿ ಕಟ್ಟಿಗೆ ಮಾರಿದರು, ಸೌರಾಷ್ಟ್ರದ ಆದಯ್ಯನವರು ಪುಲಿಗೆರೆಯಲ್ಲಿ ನೆಲೆ ನಿಂತರು. ಮುಂದೆ ಕಲ್ಯಾಣ ಹೊತ್ತಿ ಉರಿದಾಗ ಚೆನ್ನಬಸವಣ್ಣನವರ ಜೊತೆ ವಚನದ ಕಟ್ಟು ಹೊತ್ತು ಉಳವಿಯ ಕಾಡಿಗೆ ನಡೆದ ಶರಣರೂ ನಿರಾಶ್ರಿತರೇ. ದಾರಿಯ ಹಳ್ಳಿಗಳು ಅವರನ್ನು ನುಸುಳುಕೋರರೆಂದು ಹಿಡಿದುಕೊಟ್ಟಿದ್ದರೆ ಇಂದು ನಮ್ಮ ಕೈಯಲ್ಲಿ ವಚನಗಳಿರುತ್ತಿದ್ದವೇ?

ಹಾಗಾದರೆ ಸರ್ಕಾರ ಮಾಡಬೇಕಾದದ್ದೇನು? ನಿರಾಶ್ರಿತ ಯಾರೆಂದು ಮತ ನೋಡದೆ, ಅನುಭವಿಸಿದ ಕಿರುಕುಳ ನೋಡಿ ನಿರ್ಧರಿಸುವ ಒಂದು ಕಾನೂನು ತರಲಿ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ. ನಮ್ಮದೇ ಆದ ನಿರಾಶ್ರಿತರ ಕಾನೂನೂ ಇಲ್ಲ. ಅಕ್ರಮವಾಗಿ ಬಂದವರನ್ನು ಕಳಿಸುವುದಾದರೆ ಕಳಿಸಲಿ, ಆದರೆ ಅಹವಾಲು ಕೇಳಿ, ವಕೀಲರನ್ನು ಕೊಟ್ಟು, ಆ ದೇಶ ತನ್ನ ಪ್ರಜೆಯೆಂದು ಒಪ್ಪಿದ ಮೇಲೆ. ಹಣ ಪಡೆದು ಗಡಿ ದಾಟಿಸುವ ದಲ್ಲಾಳಿಯನ್ನೂ ಅಗ್ಗದ ಕೂಲಿಗೆ ದುಡಿಸಿಕೊಳ್ಳುವ ಗುತ್ತಿಗೆದಾರನನ್ನೂ ಮೊದಲು ಹಿಡಿಯಲಿ. ಸಂವಿಧಾನದ 14ನೇ ವಿಧಿ ಸಮಾನತೆಯನ್ನು ಪ್ರಜೆಗಳಿಗೆ ಮಾತ್ರ ಕೊಟ್ಟಿಲ್ಲ. ಈ ನೆಲದಲ್ಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಕೊಟ್ಟಿದೆ.

ನಮ್ಮ ಮಠಗಳ ಸಭೆಗಳಲ್ಲಿ ಈಚೆಗೆ ನುಸುಳುಕೋರ ಎಂಬ ಮಾತು ಸಲೀಸಾಗಿ ಕೇಳಿಬರುತ್ತಿದೆ. ಪೂಜ್ಯರಲ್ಲಿ ನನ್ನ ವಿನಂತಿ ಇಷ್ಟೇ: ಆ ಮಾತು ಎದ್ದ ಕಡೆ ಸುಮ್ಮನಿರಬೇಡಿ. ದಾಸೋಹದ ಪಂಕ್ತಿಯಲ್ಲಿ ಕೂತವನ ಮತ ಕೇಳದ ಮಠ, ದೇಶದ ಪಂಕ್ತಿಯಲ್ಲೂ ಅದನ್ನು ಕೇಳಬಾರದೆಂದು ಹೇಳಲೇಬೇಕು.



— ನಿವೃತ್ತ ಎಂಜಿನಿಯರ್, ಹಲಕುಂದಿ