ಅಮೆರಿಕ ಬಾಗಿಲು ಹಾಕಿದ್ದು ಯಾರಿಗೆ?

‘ಅಮೆರಿಕ ಫಸ್ಟ್’ ಘೋಷಣೆ ಮತ್ತೆ ಜೋರಾಗಿದೆ. ಅದನ್ನು ಕೇಳಿದಾಗೆಲ್ಲ ನನಗೆ ಮೊದಲ ಮಹಾಯುದ್ಧದ ನಂತರದ ಅಮೆರಿಕ ನೆನಪಾಗುತ್ತೆ. ಆಗ ಅದು ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತಾನಿತ್ತು ಅಂತ ಪರೀಕ್ಷೆಯಲ್ಲಿ ಬರೆದು ನಾನೂ ಅಂಕ ತಗೊಂಡವನೇ. ಆ ಉತ್ತರ ಅರ್ಧ ಮಾತ್ರ ನಿಜ.

ಯುದ್ಧದಲ್ಲಿ 1 ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತಿದ್ದರು. ಇನ್ನು ಸಾಕು ಅಂತ ಜನರಿಗೆ ಅನ್ನಿಸಿದ್ದನ್ನು ನಾನು ಗೇಲಿ ಮಾಡಲಾರೆ. ಲೀಗ್ ಆಫ್ ನೇಷನ್ಸ್‌ಗಾಗಿ ಓಡಾಡಿದ ಅಧ್ಯಕ್ಷ ವುಡ್ರೋ ವಿಲ್ಸನ್ ತಮ್ಮದೇ ಸೆನೆಟ್ಟನ್ನು ಒಪ್ಪಿಸಲಾಗಲಿಲ್ಲ. ಸೆನೆಟರ್ ಹೆನ್ರಿ ಕ್ಯಾಬಟ್ ಲಾಜ್ ಷರತ್ತು ಹಾಕಿದರು, ವಿಲ್ಸನ್ ಪಟ್ಟು ಬಿಡಲಿಲ್ಲ. 1920ರ ಮಾರ್ಚ್‌ನಲ್ಲಿ ವರ್ಸೇಲ್ಸ್ ಒಪ್ಪಂದ 7 ಮತಗಳ ಕೊರತೆಯಿಂದ ಬಿದ್ದುಹೋಯಿತು. ತಮಾಷೆ ನೋಡಿ, ಬ್ರಿಟಿಷರ ಕೈಕೆಳಗಿದ್ದ ಭಾರತ ಲೀಗ್‌ನ ಸ್ಥಾಪಕ ಸದಸ್ಯ, ಅಮೆರಿಕ ಹೊರಗೆ!

ಸರಿ, ಆಮೇಲೆ ಅದು ಮನೆಯೊಳಗೇ ಕೂತಿತ್ತಾ? ಎಲ್ಲಿ! ಹೈಟಿಯಲ್ಲಿ ಅದರ ಸೈನಿಕರು 1934ರ ತನಕ ಇದ್ದರು. ಹಣವಂತೂ ಗಡಿ ದಾಟುತ್ತಲೇ ಇತ್ತು. 1924ರ ಡಾಸ್ ಯೋಜನೆಯ ನಂತರ ಅಮೆರಿಕದ ಸಾಲ ಜರ್ಮನಿಗೆ ಹರಿಯಿತು. ಜರ್ಮನಿ ಅದರಲ್ಲಿ ಬ್ರಿಟನ್, ಫ್ರಾನ್ಸ್‌ಗೆ ಯುದ್ಧ ಪರಿಹಾರ ಕಟ್ಟಿತು. ಅವರು ಅದೇ ದುಡ್ಡಲ್ಲಿ ಅಮೆರಿಕದ ಯುದ್ಧಸಾಲ ತೀರಿಸಬೇಕು. ಸರಕು ಮಾರಿ ಡಾಲರ್ ಗಳಿಸೋಣ ಅಂದರೆ 1922ರಲ್ಲೇ ಆಮದು ಸುಂಕ ಏರಿಸಿಯಾಗಿತ್ತು. 1930ರಲ್ಲಿ ಇನ್ನಷ್ಟು ಏರಿಸಿದರು, ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಬೇಡ ಅಂದರೂ ಕೇಳಲಿಲ್ಲ. ಸಾಲ ವಾಪಸ್ ಬೇಕು, ಸಾಲಗಾರನ ಸರಕು ಬೇಡ. ಇದನ್ನು ಜಗತ್ತಿನಿಂದ ದೂರ ಇರೋದು ಅಂತ ಹೇಗೆ ಕರೆಯೋಣ?

ಬಾಗಿಲು ನಿಜಕ್ಕೂ ಮುಚ್ಚಿದ್ದು ಮನುಷ್ಯರಿಗೆ. ಭಗತ್ ಸಿಂಗ್ ತಿಂದ್ ಅದೇ ಯುದ್ಧಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ನೀನು ‘ಬಿಳಿಯ’ ಅಲ್ಲ, ಪೌರತ್ವ ಇಲ್ಲ ಅಂತು. ಮರುವರ್ಷದ ವಲಸೆ ಕಾಯ್ದೆ ಏಷ್ಯಾದವರನ್ನು ಹೊರಗಿಟ್ಟು, ಯುರೋಪಿನವರಿಗೆ ದೇಶವಾರು ಕೋಟಾ ಕಟ್ಟಿತು.

ಅದೇ ಕೋಟಾ ವ್ಯವಸ್ಥೆ 1939ರಲ್ಲೂ ಇತ್ತು. ನಾಜಿಗಳಿಂದ ತಪ್ಪಿಸಿಕೊಂಡ 900ಕ್ಕೂ ಹೆಚ್ಚು ಯಹೂದಿಗಳಿದ್ದ ಸೇಂಟ್ ಲೂಯಿಸ್ ಹಡಗಿಗೆ ಕ್ಯೂಬಾ ಬಾಗಿಲು ಹಾಕಿತು. ಮಯಾಮಿಯ ದೀಪಗಳು ಕಾಣುವಷ್ಟು ಹತ್ತಿರ ಬಂದರೂ ಅಮೆರಿಕ ಇಳಿಯಲು ಬಿಡಲಿಲ್ಲ. ಕೋಟಾ ಭರ್ತಿಯಾಗಿತ್ತು. ಹಡಗು ಯುರೋಪಿಗೆ ವಾಪಸಾಯಿತು. ಅದರಲ್ಲಿದ್ದ 254 ಜನ ಮುಂದೆ ಹತ್ಯಾಕಾಂಡದಲ್ಲಿ ಸತ್ತರು.